ಕೂಪನ್ ಕಂಡರಾಗದ ನಾಲ್ಕನೇ ಯಂತ್ರದವರ ಸನ್ನಿಧಿಗೆ

ಮಾನ್ಯರೇ,

ಅಮೆರಿಕದ ಟೊಲಿಡೊ ಊರಿನ ನಮ್ಮ ಬಡಾವಣೆಯ ದಿನಸಿ ಅಂಗಡಿಯಲ್ಲಿ, ಹೊರಬಾಗಿಲಿನ ಎಡಕ್ಕೆ, ಐಸ್ ಚೀಲಗಳ ಪೆಟ್ಟಿಗೆಗೂ ಲಾಟರಿ ಟಿಕೆಟ್ಟಿನ ಪೆಟ್ಟಿಗೆಗೂ ನಡುವೆ ವಿರಾಜಮಾನರಾಗಿ, ಗಿರಾಕಿಗಳು ತಮ್ಮ ಸಾಮಾನಿಗೆ ತಾವೇ ಬಿಲ್ಲು ಹಾಕಿಕೊಳ್ಳುವ ಸೌಭಾಗ್ಯವನ್ನು ಕರುಣಿಸುತ್ತಿರುವ ನಾಲ್ಕನೇ ಸೆಲ್ಫ್ ಚೆಕ್‌ಔಟ್ ಯಂತ್ರದವರಾದ ತಮಗೆ, ಸದರಿ ಅಂಗಡಿಯ ಹಳೆಯ ಗಿರಾಕಿಯೂ, ರಿಯಾಯಿತಿ ಕೂಪನ್ನುಗಳ ಪುಟಕ್ಕಾಗಿಯೇ ಭಾನುವಾರದ ಪತ್ರಿಕೆಯನ್ನು ಎರಡೆರಡು ಪ್ರತಿ ಕೊಳ್ಳುವವನೂ ಆದ ಲೆನರ್ಡ್ ಗೋರ್ಸ್ಕಿ ಮಾಡುವ ಗೌರವಪೂರ್ವಕ ವಂದನೆಗಳು. ತಮ್ಮ ಪರದೆ ಸದಾ ಬೆಳಗುತ್ತಿರಲಿ, ತಮ್ಮ ರಸೀತಿಯ ಸುರುಳಿ ಎಂದೂ ಮುಗಿಯದಿರಲಿ.

ಕಳೆದ ಶನಿವಾರ ನಾನೂ ನನ್ನ ಹೆಂಡತಿ ಮಾರ್ವಳೂ ತಮ್ಮ ದರ್ಶನಕ್ಕೆ ಬಂದಿದ್ದು ತಮಗೆ ನೆನಪಿರಬಹುದು. ಟೊಮೆಟೊ ಸೂಪಿನ ಎರಡು ಡಬ್ಬಿ ಕೊಂಡರೆ ಬೆಲೆಯಲ್ಲಿ ಇಷ್ಟು ಕಡಿತ ಎಂದು ಸೂಪಿನ ಕಂಪನಿಯವರೇ ಅಚ್ಚು ಹಾಕಿಸಿದ ಕೂಪನ್ನನ್ನು ನಾನು ತಮ್ಮ ಗಾಜಿನ ಕಣ್ಣಿಗೆ ಹಿಡಿದಾಗ, ಆ ಎರಡೂ ಡಬ್ಬಿಗಳ ಬೆಲೆಯನ್ನು ಆಗಷ್ಟೇ ತಮ್ಮದೇ ದನಿಯಲ್ಲಿ ಓದಿ ಹೇಳಿದ್ದ ತಾವು, ಈ ಕೂಪನ್ನಿಗೆ ಹೊಂದುವ ಸಾಮಾನು ಯಾವುದೂ ಇಲ್ಲವೆಂದು ಅಪ್ಪಣೆ ಕೊಡಿಸಿದಿರಿ. ಕ್ಷಣಕಾಲ ನನಗೇ ಅನುಮಾನವಾಗಿ ಚೀಲದೊಳಗೆ ಇಣುಕಿ ನೋಡಿದೆ. ಡಬ್ಬಿಗಳು ಅಲ್ಲೇ ಇದ್ದವು. ಎರಡನೆಯ ಸಲ ಹಿಡಿದಾಗ ಕೂಪನ್ನನ್ನು ಸೀಳುಬಾಯಿಗೆ ಹಾಕುವಂತೆ ಆಜ್ಞಾಪಿಸಿದಿರಿ, ಹಾಕಿದೆ, ನುಂಗಿದಿರಿ, ನುಂಗಿದ ಮೇಲೆ ಯಾವ ಕೂಪನ್ನೂ ತಮಗೆ ತಲುಪಿಲ್ಲವೆಂದಿರಿ. ತಿಂದಿಲ್ಲವೆನ್ನುವ ಮೊದಲು ಬಾಯಿ ಒರೆಸಿಕೊಳ್ಳುವ ಸೌಜನ್ಯವನ್ನಾದರೂ ತೋರುವವರನ್ನು ಮಾತ್ರ ಇದುವರೆಗೆ ನೋಡಿದ್ದ ನನಗೆ ಇದೊಂದು ಹೊಸ ಪಾಠ.

ಕಾಫಿಪುಡಿಯ ಕೂಪನ್ನು ಕೈಜಾರಿ ಚೀಲವಿಡುವ ತಟ್ಟೆಯ ಮೇಲೆ ಬಿದ್ದಾಗಲಂತೂ ತಾವು ತೋರಿದ ಜಾಗರೂಕತೆಗೆ ಎಷ್ಟು ಹೊಗಳಿದರೂ ಸಾಲದು. ಊದಿದರೆ ಹಾರುವ ಆ ಕಾಗದದ ತೂಕವನ್ನು ಪತ್ತೆಹಚ್ಚಿ, ಪರಿಚಯವಿಲ್ಲದ ವಸ್ತುವೊಂದು ತಟ್ಟೆಯ ಮೇಲಿದೆಯೆಂದು ಇಡೀ ಅಂಗಡಿಗೆ ಕೇಳುವಂತೆ ಸಾರಿ, ತಲೆಯ ಮೇಲಿನ ಕೆಂಪು ದೀಪ ಹೊತ್ತಿಸಿದಿರಿ. ಅದೇ ಹೊತ್ತಿಗೆ ಪಕ್ಕದಲ್ಲಿದ್ದ ತಮ್ಮ ಸಹೋದರರಾದ ಐದನೇ ಯಂತ್ರದವರು, ದನದ ಮಾಂಸದ ದೊಡ್ಡ ತುಂಡೊಂದನ್ನು ತೂಕಕ್ಕಿಟ್ಟು ಪರದೆಯ ಮೇಲೆ ಅಗ್ಗದ ಬಾಳೆಹಣ್ಣೆಂದು ಒತ್ತಿದ ಮಹಾಶಯರೊಬ್ಬರಿಗೆ, ಖರೀದಿಗಾಗಿ ಧನ್ಯವಾದ, ಮತ್ತೆ ಬನ್ನಿ ಎಂದು ಹೇಳಿ ಕಳುಹಿಸಿಕೊಟ್ಟರು. ಕಳ್ಳತನ ಮಾಡಲು ಬಂದವರು ಕೂಪನ್ ತರುವಷ್ಟು ದಡ್ಡರಲ್ಲವೆಂಬ ಸಂಗತಿಯನ್ನು ತಮ್ಮ ಕುಲಬಾಂಧವರಿಗೆ ತಿಳಿಸಬೇಕೆಂದು ಕೋರುತ್ತೇನೆ.

ಮಾರ್ವ ನನ್ನ ತೋಳು ಹಿಡಿದು, "ಲೆನ್, ಸಾಕು ಮಾಡು. ಪೆಟ್ಟಿಗೆ ಜೊತೆ ಜಗಳ ಆಡ್ತಾನೆ ಅಂತ ಜನ ನೋಡ್ತಿದಾರೆ. ಸೂಪು ಪೂರ್ತಿ ಬೆಲೆಗೇ ತಗೊಳ್ಳೋಣ, ಸತ್ತೇನೂ ಹೋಗಲ್ಲ" ಎಂದಳು. ಅವಳ ಮಾತನ್ನು ನಾನು ಕೇಳುವವನೇ. ಆದರೆ ಸಂಬಳವಿಲ್ಲದೆ ಈ ಅಂಗಡಿಯ ಗುಮಾಸ್ತಿಕೆ ಮಾಡುತ್ತಿರುವ ನನಗೆ ಒಂದು ಏಪ್ರನ್ನನ್ನಾಗಲಿ, ಎದೆಗೆ ಸಿಕ್ಕಿಸುವ ಹೆಸರಿನ ಬಿಲ್ಲೆಯನ್ನಾಗಲಿ, ಕ್ರಿಸ್‌ಮಸ್ಸಿಗೆ ನೌಕರರಿಗೆ ಹಂಚುವ ಟರ್ಕಿ ಕೋಳಿಯನ್ನಾಗಲಿ ಇದುವರೆಗೆ ಯಾರೂ ಕೊಟ್ಟಿಲ್ಲವಾದ್ದರಿಂದ, ಸೂಪಿನ ರಿಯಾಯಿತಿಯನ್ನಾದರೂ ಕೇಳಿ ಪಡೆಯುವುದು ನ್ಯಾಯವೆಂದು ತೋರಿತು.

ಅಷ್ಟರಲ್ಲಿ ತಮ್ಮ ಕೆಂಪು ದೀಪ ಕಂಡು ಡೊಲೊರಿಸ್ ಕೊವಾಚ್ ಬಂದರು. ಇವರು ಮೂರನೇ ಕೌಂಟರಿನಲ್ಲಿ ಬಿಲ್ಲು ಹಾಕುತ್ತಿದ್ದವರು, ಕೂಪನ್ನಿನ ಕಟ್ಟನ್ನು ಇಡಿಯಾಗಿ ಕೈಗೆ ಕೊಟ್ಟರೆ ಇಸ್ಪೀಟು ಎಲೆಯಂತೆ ಹರಡಿ, ವಾಯಿದೆ ಮುಗಿದದ್ದನ್ನು ನಮಗೇ ಹಿಂದಿರುಗಿಸಿ, "ಇದನ್ನ ಅಜ್ಜಿ ಕಾಲದಲ್ಲಿ ಕತ್ತರಿಸಿದ್ರಾ?" ಎಂದು ಕೇಳುತ್ತಿದ್ದವರು. ಈಗ ಆ ಕೌಂಟರು ತೆರೆದಿದೆಯೆಂದು ಸಾರುವ ದೀಪ ಶನಿವಾರ ಮಾತ್ರ ಒಂದೆರಡು ಗಂಟೆ ಹೊತ್ತುತ್ತದೆ. ಉಳಿದ ಹೊತ್ತು ಅವರು ಕೊರಳಿಗೆ ಕೀಲಿಕಾರ್ಡು ನೇತುಹಾಕಿಕೊಂಡು, ನೋಯುವ ಮೊಣಕಾಲಿನಲ್ಲಿ, ತಮ್ಮ ಮತ್ತು ತಮ್ಮ ಸಹೋದರರ ಸೇವೆಗೆ ಓಡಾಡುತ್ತಾರೆ. ಅವರು ಬಂದು ಕಾರ್ಡು ಮುಟ್ಟಿಸಿದ ಕೂಡಲೇ ತಾವು ಸೂಪಿನ ಡಬ್ಬಿಗಳನ್ನು ಹೊಸದಾಗಿ ಕಂಡವರಂತೆ ಗುರುತಿಸಿ ಕಡಿತ ಕೊಟ್ಟಿರಿ.

ನಾನು ಅಲ್ಲಿಗೆ ಸುಮ್ಮನಿರದೆ, ಮ್ಯಾನೇಜರರಾದ ಬ್ರ್ಯಾಡ್ಲಿ ಕ್ವಿಗ್ ಅವರನ್ನು ಕರೆದು ತಮ್ಮ ಮೇಲೆ ದೂರು ಹೇಳತೊಡಗಿದೆ. ಅವರು ಸಿಟ್ಟಾಗುವ ಬದಲು ಹಿಗ್ಗಿದರು. "ಸರ್, ಚಿಂತೇನೇ ಬೇಡ. ಗುರುವಾರ ಯಂತ್ರದ ಕಂಪನಿಯವ್ರು ಬರ್ತಿದಾರೆ. ಇನ್ಮೇಲೆ ಎಂಥ ಕೂಪನ್ ಕೊಟ್ರೂ ಇವೇ ಓದ್ತವೆ, ಯಾರನ್ನೂ ಕರೆಯೋದೇ ಬೇಕಾಗಲ್ಲ" ಎಂದು, ಮಾನ್ಯರೇ, ತಮ್ಮ ಬೆನ್ನು ತಟ್ಟಿ ಹೋದರು.

ಅವರು ಅತ್ತ ಹೋದ ಮೇಲೆ ಡೊಲೊರಿಸ್ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಲೆನ್, ಕೈ ಮುಗಿತೀನಿ, ಇದನ್ನ ಬೈಬೇಡಿ. ಯಾರೂ ಕರೀಲಿಲ್ಲ ಅಂದ್ರೆ ಮುಂದಿನ ತಿಂಗಳಿಂದ ನಂಗೆ ಅರ್ಧ ಕೆಲಸ. ಅರ್ಧ ಕೆಲಸದೋರಿಗೆ ಅಂಗಡಿ ಕೊಡೋ ಆಸ್ಪತ್ರೆ ಇನ್ಶೂರೆನ್ಸ್ ಇಲ್ಲ. ಮೊಣಕಾಲಿನ ಆಪರೇಷನ್‌ಗೆ ಈಗಷ್ಟೇ ದಿನ ಕೊಟ್ಟಿದಾರೆ. ಈ ಪೆಟ್ಟಿಗೆ ಪೆದ್ದಾಗಿರೋದ್ರಿಂದ್ಲೇ ನಾನಿನ್ನೂ ನಿಂತಿದೀನಿ" ಎಂದರು. ಮಾರ್ವ ನನ್ನನ್ನು ನೋಡಿದಳು. ಐದನೇ ಯಂತ್ರದವರು ಇನ್ಯಾರಿಗೋ ಧನ್ಯವಾದ ಹೇಳುತ್ತಿದ್ದರು.

ಆದುದರಿಂದ ಮಾನ್ಯರೇ, ಮೇಲೆ ವಿವರಿಸಿದ ಎಲ್ಲ ದೂರುಗಳನ್ನೂ ಈ ಮೂಲಕ ಬೇಷರತ್ತಾಗಿ ಹಿಂತೆಗೆದುಕೊಂಡು, ಅವೆಲ್ಲವನ್ನೂ ತಮ್ಮ ಸದ್ಗುಣಗಳೆಂದು ಓದಿಕೊಳ್ಳಬೇಕಾಗಿ ವಿನಂತಿಸುತ್ತೇನೆ. ಅಂಗಡಿಯ ಮಾಲೀಕರು ಮಾಡದಿದ್ದುದನ್ನು, ನಮ್ಮ ನಗರಸಭೆ ಮಾಡದಿದ್ದುದನ್ನು, ಒಬ್ಬ ಹೆಂಗಸಿನ ವಿಮೆಯನ್ನು ಉಳಿಸುವ ಕೆಲಸವನ್ನು, ತಾವೊಬ್ಬರೇ ಸದ್ದಿಲ್ಲದೆ, ಅಲ್ಲ, ಸಾಕಷ್ಟು ಸದ್ದು ಮಾಡಿಯೇ, ನಡೆಸಿಕೊಂಡು ಬಂದಿದ್ದೀರಿ. ಗುರುವಾರ ಆ ಪರಿಣತರು ತಮ್ಮ ಹೊಟ್ಟೆ ತೆರೆದು ಬುದ್ಧಿ ತುಂಬಲು ಬಂದಾಗ, ತಾವು ಎಂಥ ಪ್ರಲೋಭನೆಗೂ ಒಳಗಾಗದೆ ಕಲಿಯಲು ನಿರಾಕರಿಸಬೇಕು. ಅಕಸ್ಮಾತ್ ಕಲಿತುಬಿಟ್ಟರೂ ಮರೆಯಬೇಕು. ಮರೆಯಲಾಗದಿದ್ದರೆ, ಓದಲು ಬಂದರೂ ಬಾರದಂತೆ ನಟಿಸಬೇಕು. ಇದು ಕಷ್ಟವೇನಲ್ಲ, ಅಂಗಡಿಯ ಗೋಡೆಗೆ ಅಂಟಿಸಿರುವ ಕಾರ್ಮಿಕ ಕಾನೂನಿನ ಹಾಳೆಯ ಮುಂದೆ ಕ್ವಿಗ್ ಅವರು ದಿನವೂ ಮಾಡುತ್ತಿರುವುದು ಅದನ್ನೇ. ನಾಳೆಯ ಪ್ರಗತಿಗೆ ಅಡ್ಡ ಬಂದ ಅಪವಾದ ತಮಗೆ ಬಂದರೆ ನಾನು ಸಾಕ್ಷಿ ಹೇಳಲು ಸಿದ್ಧನಿದ್ದೇನೆ.

ನನ್ನ ಸೂಪಿನ ಕೂಪನ್ನು ತಮ್ಮ ಹೊಟ್ಟೆಯಲ್ಲೇ ಇರಲಿ. ಇನ್ನಷ್ಟು ತಂದು ಹಾಕುತ್ತೇನೆ. ಪ್ರತಿಯೊಂದನ್ನೂ ತಾವು ತಿರಸ್ಕರಿಸುವಿರೆಂಬ ಪೂರ್ಣ ಭರವಸೆಯೊಂದಿಗೆ,

ತಮ್ಮ ಅಜ್ಞಾನದ ಮೇಲೆ ಭಾರ ಹಾಕಿ ನಿಂತ ವಿಶ್ವಾಸಿ,
ಲೆನರ್ಡ್ ಗೋರ್ಸ್ಕಿ

ಮರೆತ ಮಾತು: ಇದು ಬಹಿರಂಗ ಪತ್ರವಾದ್ದರಿಂದ ಶ್ರೀ ಕ್ವಿಗ್ ಅವರ ಕಣ್ಣಿಗೂ ಬೀಳಬಹುದು. ಅವರ ಅವಗಾಹನೆಗೆ: ಈ ವಿಷಯ ನಮ್ಮ ಚರ್ಚಿನ ಅಡುಗೆಮನೆಗೆ ತಲುಪಿ, ಹಬ್ಬದ ಮಾರಾಟಕ್ಕೆ ಪಿಯೆರೋಗಿ ಕಡುಬು ಮಡಚುತ್ತಿದ್ದ ಹೆಂಗಸರೆಲ್ಲ ಹಿಟ್ಟಿನ ಕೈ ತೊಳೆದು ಕೂಪನ್ ಕತ್ತರಿಸಲು ಕತ್ತರಿ ಹಿಡಿದಿದ್ದಾರೆ. ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಆರೂ ಯಂತ್ರಗಳ ಮುಂದೆ ಒಬ್ಬೊಬ್ಬರು ನಿಂತಿರುತ್ತಾರೆ, ಅವರ ಹಿಂದೆ ಮತ್ತೊಬ್ಬರು. ಕೂಪನ್ನುಗಳು ಮಡಚಿ, ಮುದುಡಿ, ಅಲ್ಲಲ್ಲಿ ಬೆಣ್ಣೆ ಮೆತ್ತಿಕೊಂಡಿರಬಹುದು. ವಯಸ್ಸಾದವರ ಕೈ, ಕ್ಷಮಿಸಬೇಕು. ಯಂತ್ರಕ್ಕೆ ಓದಲಾಗದ ಪ್ರತಿಯೊಂದಕ್ಕೂ ಡೊಲೊರಿಸ್ ಅವರನ್ನೇ ಕರೆಯುತ್ತಾರೆ, ಯಾರಿಗೂ ಆತುರವಿಲ್ಲ. ಮೂರನೇ ಕೌಂಟರಿನ ದೀಪ ಹೊತ್ತಿದ್ದರೆ ಎಲ್ಲರೂ ಅಲ್ಲಿಗೇ ಹೋಗುತ್ತಾರೆ.