ಎಂಬತ್ತು ಜೀಬಿಯ ಮಹಾಕಾಯನೂ ದೋಸೆಯ ಹಿಟ್ಟೂ

ಯಾವ ಯುಗದಲ್ಲಿ ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಬಿಟ್ಟು ಪ್ರವೇಶಿಸುವುದು ಶಾಸ್ತ್ರವಾಗಿತ್ತೋ, ಆ ಮಹಾಯುಗಕ್ಕೆ ಮೊದಲ ವಂದನೆ! ಎಲೈ ವಾಗ್ದೇವಿ, ಕಥೆ ಮುಗಿಯುವವರೆಗೆ ಕರೆಂಟು ಹೋಗದಂತೆ ಕಾಯಿ. ಗದಗಿನ ಓಣಿಯೊಂದರಲ್ಲಿ, ಒಂದು ಕಾಲಕ್ಕೆ ಕಂಪ್ಯೂಟರ್ ಕ್ಲಾಸ್ ನಡೆಸಿ 'ಕಂಪ್ಯೂಟರ್ ಸರ್' ಎಂಬ ಬಿರುದು ಗಳಿಸಿದ್ದ, ಸದ್ಯ ಶಿಷ್ಯಸಂಕುಲವಿವರ್ಜಿತನಾದ ಮುರಿಗೆಪ್ಪನನ್ನೂ, ಗಿಗಾಹರ್ಟ್ಸ್‌ಪ್ರಚಂಡವೂ ಎಂಬತ್ತುಜೀಬಿಜಠರವೂ ಸಕಲಧೂಳಿಧೂಸರಿತವೂ ಆದ ಅವನ ಯಂತ್ರವನ್ನೂ ಹಾಡುವೆನು.

ಒಂದು ಚಳಿಗಾಲದ ಮುಂಜಾನೆ ಅವನ ಅರ್ಧಾಂಗಿ, ಸೂಚೀಶಸ್ತ್ರಪಾಣಿ ನೀಲವ್ವ, ಆಗಷ್ಟೇ ರುಬ್ಬಿದ ದೋಸೆಹಿಟ್ಟಿನ ಪಾತ್ರೆಯೊಡನೆ ರಣರಂಗಕ್ಕಿಳಿದಳು. ಜಗಳಕ್ಕೆ ಎರಡೂ ಕೈ ಬೇಕಾದ್ದರಿಂದ ಪಾತ್ರೆಯನ್ನು ಆ ಯಂತ್ರಮಹಾಕಾಯನ ನೆತ್ತಿಯ ಮೇಲಿಟ್ಟಳು.

"ರೀ, ಸೀರಿ ಅಂಚು ಹೊಲಿಯೋ ನನ್ನ ಪಿಕೊ ಮಷಿನ್ ಟೇಬಲ್ ಇಲ್ದ ಪಡಸಾಲ್ಯಾಗ ನೆಲಕ್ಕ ಕುಂತೈತಿ. ಈ ಡಬ್ಬಿ ಯಾವಾಗ ಗುಜರಿಗೆ ಹಾಕ್ತೀರಿ?"

ಡಬ್ಬಿ! ಯಂತ್ರ ಹೋದರೆ ಮುರಿಗೆಪ್ಪನ ಬಿರುದೂ ಹೋದಂತೆ. ಬರೀ ಮುರಿಗೆಪ್ಪ ಎಂದರೆ ಓಣಿಯ ಜನ ಬದನೆಕಾಯಿ ಮಾರುವ ಇನ್ನೊಬ್ಬ ಮುರಿಗೆಪ್ಪನ ಮನೆಯನ್ನೇ ತೋರಿಸುತ್ತಿದ್ದರು. ನಮ್ಮ ಮುರಿಗೆಪ್ಪ ಲುಂಗಿ ಬಿಗಿದೆದ್ದು ಗರ್ಜಿಸಿದ:

"ಏ ನೀಲಾ, ನಾಲಿಗಿ ಬಿಗಿ ಹಿಡಿ! ಐನೂರಾ ಹನ್ನೆರಡು ಎಂಬಿ ರ್‍ಯಾಮ್ ಐತಿ ಇದಕ್ಕ! ಎಂಬತ್ತು ಜೀಬಿ ಹಾರ್ಡ್‌ಡಿಸ್ಕ್! ಇದನ್ನ ತಂದಾಗ ಇಡೀ ಓಣಿ ನಮ್ಮ ಬಾಗಿಲ್ದಾಗ ನಿಂತಿತ್ತು!"

"ನಿಮ್ಮ ಕಿಸೇದಾಗಿನ ಫೋನಿಗೆ ಅದಕಿಂತ ದೊಡ್ಡ ಹೊಟ್ಟಿ ಐತಿ. ಅದೇನು ಟೇಬಲ್ ಕೇಳಂಗಿಲ್ಲ."

"ಚಾಲೂ ಮಾಡಿ ತೋರಸ್ಲ್ಯಾ?"

"ತೋರಸ್ರಿ. ಈ ಥಂಡ್ಯಾಗ ಹಿಟ್ಟು ಉಬ್ಬಾಕ ನಾಳಿ ತನಕಾ ಬೇಕು. ಅದು ಉಬ್ಬೂದ್ರಾಗ ಡಬ್ಬಿ ಪೂರಾ ಚಾಲೂ ಆದ್ರ ಇಲ್ಲೇ ಇರ್ಲಿ. ಇಲ್ಲಾಂದ್ರ ಗುಜರಿ."

"ಆತು! ಆದ್ರ ಹಿಟ್ಟು ಇಲ್ಲೇ ನನ್ನ ಕಣ್ಮುಂದ ಇರ್ಬೇಕು. ನೀ ಒಲಿ ಬಾಜೂಕ ಒಯ್ದು ಇಟ್ಟೀ ಅಂದ್ರ ಮೋಸ."

ಹೀಗೆ ಶತ್ರುವಿನ ಪಾತ್ರೆಗೆ ತಾನೇ ಪಟ್ಟ ಕಟ್ಟಿ, ದೂರದೃಷ್ಟಿಸಂಪನ್ನನಾದ ಆ ವೀರನು ಗುಂಡಿ ಒತ್ತಿದ.

ಫ್ಯಾನು ಭೋರ್ಗರೆಯಿತು. ಪರದೆ ಕಪ್ಪಾಗಿಯೇ ಉಳಿದು, ಒಳಗಿನಿಂದ ಆರ್ತನಾದದಂತೆ ಬೀಪ್ ಕೇಳಿತು. ಮುರಿಗೆಪ್ಪ ಎದೆಗುಂದಲಿಲ್ಲ. ನೆತ್ತಿಯ ಪಾತ್ರೆ ಕದಲದಂತೆ ಪಕ್ಕದ ತಗಡು ಬಿಚ್ಚಿ, ಧೂಳಿನ ಪ್ರಳಯದಲ್ಲಿ ಕೆಮ್ಮುತ್ತಾ ರ್‍ಯಾಮ್ ಕಿತ್ತು, ಅದರ ಬಂಗಾರದ ಹಲ್ಲುಗಳನ್ನು ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ. ಪರದೆ ಬೆಳಗಿತು! ಬೆಳಗಿದ್ದೇ ತಡ, ತನ್ನ ಎಂಬತ್ತು ಜೀಬಿಯನ್ನೂ ಪರೀಕ್ಷಿಸಿಕೊಳ್ಳದೆ ಮುಂದಡಿಯಿಡೆನೆಂದು ಹಟ ಹಿಡಿಯಿತು. ಶೇಕಡಾ ಒಂದು.

ಊಟದ ಹೊತ್ತಿಗೆ ಶೇಕಡಾ ನಲವತ್ತು. ಮಹಾಕಾಯನ ಮೈ ಕುಲುಮೆಯಂತೆ ಕಾದಿತ್ತು. ಅದನ್ನು ವೀರರಿಗೆ ಸಹಜವಾದ ರೋಷವೆಂದು ಮುರಿಗೆಪ್ಪ ಮೆಚ್ಚಿಕೊಂಡ. ಸಂಜೆಗೆ ತೊಂಬತ್ತೆಂಟು.

"ನೀಲಾ, ಬಾ! ಇದು ಡಬ್ಬಿನೋ ಏನೋ ಅಂತ ನೋಡ ಬಾ!"

ನೀಲವ್ವ ಬಂದು ನಿಂತಳು. ತೊಂಬತ್ತೊಂಬತ್ತು. ಅಷ್ಟರಲ್ಲಿ ಠಣ್ಣೆಂದು ಪಾತ್ರೆಯ ಮುಚ್ಚಳ ನೆಲಕ್ಕುರುಳಿತು. ಹಾಲುಬಿಳಿಯ ನೊರೆ ಮಹಾಕಾಯನ ಹಣೆಯಿಂದ ಇಳಿದು, ಫ್ಲಾಪಿಯ ಬಾಯಿಗೆ ಒಂದು ತುತ್ತು ಉಣಿಸಿ, ಟೇಬಲ್ಲಿಗೆ ಹರಿಯಿತು.

"ಉಬ್ಬಿತು," ಅಂದಳು ನೀಲವ್ವ.

"ಮೋಸ! ನನ್ನ ಪ್ರೊಸೆಸರಿನ ಕಾವಿಗೆ ಉಬ್ಬಿದ್ದು ಇದು! ಇಲ್ಲಾಂದ್ರ ನಾಳಿ ತನಕಾ..."

ನಾಲಗೆ ಕಚ್ಚಿಕೊಳ್ಳುವಷ್ಟರಲ್ಲಿ ಮಾತು ಹೊರಬಿದ್ದಿತ್ತು. ನೀಲವ್ವ ಬೆರಳದ್ದಿ ನೋಡಿದಳು, ಮೂಸಿದಳು. "ಹೌದಲ್ರೀ. ಎಂಥಾ ಹದಾ ಬಂದೈತಿ! ಗುಜರಿಗೆ ಬ್ಯಾಡ ಬಿಡ್ರಿ. ಅಡಗಿಮನಿಗೆ ತರ್ರಿ."

ಹೀಗೆ ಟೇಬಲ್ಲು ಪಿಕೊ ಮಷಿನ್ನಿನ ಪಾಲಾಯಿತು. ಮಹಾಕಾಯನು ಉಪ್ಪಿನ ಭರಣಿಯ ಪಕ್ಕದಲ್ಲಿ ಸಿಂಹಾಸನವೇರಿದ. ಹಿಟ್ಟಿಗೆ ಮಾನಿಟರ್ ಬೇಡವಾದ್ದರಿಂದ ಉಳಿದ ಆ ಶೇಕಡಾ ಒಂದು ಏನಾಯಿತೆಂದು ಯಾರಿಗೂ ಗೊತ್ತಿಲ್ಲ. ದಿನಾ ಮುಂಜಾನೆ ಮಾತ್ರ ಅಡುಗೆಮನೆಯಿಂದ ಓಣಿಗೆಲ್ಲ ಕೇಳುವಂತೆ ಕರೆ ಬರುತ್ತದೆ:

"ಕಂಪ್ಯೂಟರ್ ಸರ್, ಹಿಟ್ಟು ಇಟ್ಟೀನಿ. ಚಾಲೂ ಮಾಡ ಬರ್ರಿ!"

ಬಿರುದು ಉಳಿಯಿತು. ಮುರಿಗೆಪ್ಪ ಲುಂಗಿ ಬಿಗಿದೆದ್ದು ಹೋಗಿ ಗುಂಡಿ ಒತ್ತುತ್ತಾನೆ.