ಸೀಸೆಯೊಳಗಿನ ಐದನೆಯ ಬಡಗಿ

ಗುಮಾಸ್ತನ ಮನೆಯಲ್ಲಿ ಮೂವತ್ತೊಂದು ಸೀಸೆಗಳಿದ್ದವು. ಒಂದರಲ್ಲೂ ಗುಟುಕು ಕುಡಿಯುವಂಥದ್ದಿರಲಿಲ್ಲ. ಒಳಗಿದ್ದದ್ದು ಹಳೆಯ ಕಾಲದವರು ಮರದ ಚೂರುಗಳಲ್ಲಿ ಕಟ್ಟಿದ ಬಾವಿಕಟ್ಟೆ, ಕಮ್ಮಾರಸಾಲೆ, ಮದುವೆ ಮೆರವಣಿಗೆ. ಹೆಂಡತಿ ಅಡುಗೆ ಡಬ್ಬಿಗಳನ್ನು ಮಂಚದಡಿ ತಳ್ಳಿ ಕಪಾಟು ಬಿಟ್ಟುಕೊಟ್ಟಿದ್ದಳು. ಆ ತ್ಯಾಗವನ್ನು ದಿನಕ್ಕೆ ಮೂರು ಸಲ ನೆನಪಿಸುತ್ತಿದ್ದಳು.

ಅಂದು ಸಂಜೆ ನಾಲ್ಕಕ್ಕೆ ಮ್ಯೂಸಿಯಮ್ಮಿನ ಮೇಡಂ ಬರುವವರಿದ್ದರು. ಹೊಸದಾಗಿ ಸಿಕ್ಕ ಬಡಗಿಸಾಲೆಯ ಸೀಸೆ ಹಳೆಯ ಕಾಲದ ಹೆಸರಾಂತ ಕಲಾವಿದನೊಬ್ಬನದೇ ಎಂದು ಅವರು ಒಪ್ಪಿದರೆ, ಮ್ಯೂಸಿಯಮ್ಮಿನಲ್ಲಿ ಅದರ ಪಕ್ಕದ ಚೀಟಿಯಲ್ಲಿ ಕೊಟ್ಟವನೆಂದು ಗುಮಾಸ್ತನ ಹೆಸರು. ಇಪ್ಪತ್ತು ವರ್ಷ ಬೇರೆಯವರ ಹೆಸರು ಬರೆದು ಸವೆದವನಿಗೆ ಬೇಕಿದ್ದದ್ದು ಅಷ್ಟೇ.

ಬೆಳಿಗ್ಗೆ ಸೀಸೆ ಒರೆಸುತ್ತ ಗುಮಾಸ್ತ ಒಳಗೆ ಇಣುಕಿದ. ನಾಲ್ವರು ಬಡಗಿಗಳು ನಿಂತು ದುಡಿಯುತ್ತಿದ್ದರು. ಐದನೆಯವನು ಮರದ ಹೊಟ್ಟಿನ ಮೇಲೆ ಅಂಗಾತ ಬಿದ್ದಿದ್ದ.

"ಅಯ್ಯಯ್ಯೋ, ಬಿದ್ದೋಗಿದಾನೆ!"

ಕೂಗು ಮುಗಿಯುವ ಮೊದಲೇ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಹಾಜರು. ಕರೆಯದೆ ಬರುವುದರಲ್ಲಿ ಅವರು ಎಂದೂ ತಡಮಾಡಿದವರಲ್ಲ.

"ನಿಲ್ಲಿಸ್ರೀ ಅವನನ್ನ! ನಾಲ್ಕು ಜನ ದುಡೀತಿರೋವಾಗ ಒಬ್ಬ ಬಿದ್ಕೊಂಡಿರೋದು ಅಂದ್ರೇನು?"

ಗುಮಾಸ್ತ ಹೆಣಿಗೆ ಕಡ್ಡಿ ತೂರಿಸಿದ. ಮೇಷ್ಟ್ರು "ಎಡಕ್ಕೆ! ಬಲಕ್ಕೆ!" ಎಂದು ಅಬ್ಬರಿಸಿದರು. ಆ ಅಬ್ಬರಕ್ಕೆ ಕಡ್ಡಿ ನಡುಗಿ, ಗರಗಸದವನೂ ಮಗುಚಿದ.

"ಈಗ ಇಬ್ರಾದ್ರು," ಎಂದಳು ಹೆಂಡತಿ. "ಸಂಜೆವರೆಗೆ ಎಲ್ರನ್ನೂ ಮಲಗಿಸ್ತೀರಾ?"

ಕೊನೆಗೆ ಕೆಳಮನೆಯ ಹಲ್ಲಿನ ಡಾಕ್ಟರು ಹಣೆಗೆ ದೀಪ ಕಟ್ಟಿಕೊಂಡು ಬಂದರು. "ಬಾಯಿ ಚಿಕ್ಕದು, ಆದ್ರೆ ಕಚ್ಚಲ್ವಲ್ಲ," ಎನ್ನುತ್ತ ಇಕ್ಕಳ ಇಳಿಸಿದರು. ಮೂರು ತಾಸು ಬೆವರು ಸುರಿಸಿ, ಹಲ್ಲಿಗೆ ಹಾಕುವ ಸಿಮೆಂಟಿನಲ್ಲಿ ಇಬ್ಬರನ್ನೂ ನೆಟ್ಟಗೆ ನಿಲ್ಲಿಸಿದರು. ಗುಮಾಸ್ತನ ಕಣ್ಣಲ್ಲಿ ನೀರೇ ಬಂತು.

ನಾಲ್ಕಕ್ಕೆ ಮೇಡಂ ಬಂದರು. ಭೂತಗನ್ನಡಿ ಹಿಡಿದು ಸೀಸೆಯನ್ನು ಸುತ್ತ ತಿರುಗಿಸಿ ನೋಡಿ, ಪೆಚ್ಚಾಗಿ ಕೆಳಗಿಟ್ಟರು.

"ಕೆಲಸವೇನೋ ಚೆನ್ನಾಗಿದೆ. ಆದ್ರೆ ಇದು ಯಾರೋ ಮಾಡಿದ ನಕಲು. ಆ ಕಲಾವಿದ ಪ್ರತಿ ಸೀಸೆಯಲ್ಲೂ ತನ್ನನ್ನೇ ಕೆತ್ತಿ, ಒಂದು ಮೂಲೇಲಿ ನಿದ್ದೆ ಹೊಡೀತಿರೋ ಹಾಗೆ ಮಲಗಿಸ್ತಿದ್ದ. ಅದೇ ಅವನ ಸಹಿ. ಇಲ್ಲಿ ನೋಡಿ, ಐವರೂ ನಿಂತಿದಾರೆ."

"ಮಲಗಿದ್ದ ಮೇಡಂ! ಬೆಳಿಗ್ಗೆವರೆಗೂ ಮಲಗೇ ಇದ್ದ!"

"ಹೌದಾ?" ಎಂದು ಮೇಡಂ ಕನಿಕರದಿಂದ ನಕ್ಕು ಚಪ್ಪಲಿ ಮೆಟ್ಟಿದರು.

ಗುಮಾಸ್ತ ಕುರ್ಚಿಯಲ್ಲಿ ಕುಸಿದ. ಡಾಕ್ಟರು ಅವನ ಬೆನ್ನು ತಟ್ಟಿದರು.

"ಅವರು ಏನಾದ್ರೂ ಅಂದ್ಕೊಳ್ಲಿ ಬಿಡಿ ಸಾರ್. ಗ್ಯಾರಂಟಿ ನಂದು. ಈ ಜನ್ಮದಲ್ಲಿ ಅವನು ಮತ್ತೆ ಮಲಗೋ ಮಾತೇ ಇಲ್ಲ!"