ಸೀಟಿಯಣ್ಣನ ಕಿವಿಗೆ ಹತ್ತಿ

ಎಲ್ಲ ರಗಳೆಗೂ ಮೂಲ ಒಂದು ಹುಲ್ಲು ಕತ್ತರಿಸುವ ಯಂತ್ರ. ಬೆಳಿಗ್ಗೆ ಏಳಕ್ಕೆ ನದಿಯ ದಡದ ಹೊಸ ಪಾರ್ಕಿನಲ್ಲಿ ಅದು ‘ಗುರ್ರ್’ ಅಂದದ್ದೇ ತಡ, ಸೀಟಿಯಣ್ಣ ಜೇಬಿನಿಂದ ಸೀಟಿ ತೆಗೆದು ಊದಿಯೇಬಿಟ್ಟ.

“ಎಲ್ರೂ ಆಚೆ ಹೋಗಿ! ತಲೆ ತಗ್ಸಿ!”

ವಾಕಿಂಗಿಗೆ ಬಂದಿದ್ದ ಹಿರಿಯರು ಎದ್ದೆನೋ ಬಿದ್ದೆನೋ ಎಂದು ಓಡಿದರು. ಒಬ್ಬರ ಚಪ್ಪಲಿ ನದಿಯ ಪಾಲಾಯಿತು.

ಪಾಪ, ಅವನನ್ನು ಬೈದು ಏನು ಪ್ರಯೋಜನ? ಹೋದ ವರ್ಷದವರೆಗೂ ಈ ಜಾಗದಲ್ಲಿ ಹೆಲಿಕಾಪ್ಟರ್ ನಿಲ್ದಾಣವಿತ್ತು. ಮೇಲೆ ಸದ್ದಾದ ಕೂಡಲೇ ಸೀಟಿ ಊದಿ, ಇಳಿಯುವ ಜಾಗದಿಂದ ಜನ, ನಾಯಿ, ಕಾಗೆಗಳನ್ನೆಲ್ಲ ಓಡಿಸುವುದು ಹದಿನೆಂಟು ವರ್ಷ ಅವನ ಕೆಲಸ. ಆಮೇಲೆ ನಿಲ್ದಾಣ ಮುಚ್ಚಿ ಪಾರ್ಕ್ ಮಾಡಿದರು; ಕಾರಂಜಿ, ಕಲ್ಲುಬೆಂಚು ಬಂದವು. ಇಳಿಯುವ ಜಾಗ ದುಂಡನೆಯ ಹುಲ್ಲುಹಾಸಾಯಿತು. ಅವನನ್ನು ತಾತ್ಕಾಲಿಕ ಕಾವಲುಗಾರನಾಗಿ ಉಳಿಸಿಕೊಂಡರು. ಆದರೆ ಅವನ ಕಿವಿ ಮಾತ್ರ ಇನ್ನೂ ಹಳೇ ಕೆಲಸದಲ್ಲೇ ಇತ್ತು.

ಸೂಪರ್‌ವೈಸರ್ ಬುಸುಗುಟ್ಟುತ್ತಾ ಬಂದರು. “ಇದು ಮೂರನೇ ಸಲ ಕಣ್ರೀ! ಸಂಜೆ ಪಾರ್ಕ್ ಉದ್ಘಾಟನೆ. ಮುಖ್ಯ ಅತಿಥಿಗಳೇ ನಿಮ್ಮ ಕಾಯಂ ಆರ್ಡರ್ ಕೊಡ್ತಾರೆ. ಅಷ್ಟರಲ್ಲಿ ಇನ್ನೊಂದು ಸಲ ಊದಿದ್ರೋ, ಕೆಲಸಾನೂ ಇಲ್ಲ, ಕ್ವಾರ್ಟರ್ಸೂ ಇಲ್ಲ!”

ಹತ್ತು ಗಂಟೆಗೆ ಜ್ಯೂಸಿನವನ ಮಿಕ್ಸಿ ಗಿರ್ರೆಂದಿತು. ಸೀಟಿಯಣ್ಣನ ಕೈ ತಾನಾಗಿಯೇ ಜೇಬಿಗೆ ಹೋಯಿತು.

“ಅಣ್ಣಾ, ಕೈ!” ಎಂದು ಜ್ಯೂಸಿನವನು ಕಿರುಚಿದ. ಅಷ್ಟಕ್ಕೇ ಸುಮ್ಮನಿರುವ ಪೈಕಿಯೇ ಅವನು? ಊಟ ತಂದ ಸೀಟಿಯಣ್ಣನ ಹೆಂಡತಿಯ ಮುಂದೆ ಎಲ್ಲವನ್ನೂ ಒಂದಕ್ಕೆರಡು ಮಾಡಿ ವರದಿ ಒಪ್ಪಿಸಿದ.

“ಕ್ವಾರ್ಟರ್ಸ್ ಹೋದ್ರೆ ಎಲ್ಲಿರೋಣ? ನಮ್ಮತ್ತಿಗೆ ಮನೇಲಾ? ಸತ್ರೂ ಹೋಗಲ್ಲ ನಾನು!” ಎಂದ ಹೆಂಡತಿ, ಮನೆಯಿಂದ ಹರಿದ ದಿಂಬನ್ನೇ ತಂದಳು. ಅದರ ಹತ್ತಿಯನ್ನು ಗಂಡನ ಎರಡೂ ಕಿವಿಗೆ ಒತ್ತಿ ಒತ್ತಿ ತುರುಕಿದಳು. ಲೋಕ ತಣ್ಣಗಾಯಿತು.

ಸಂಜೆ ಹುಲ್ಲುಹಾಸಿನ ತುಂಬ ಜನ. ಮೈಕಿನಲ್ಲಿ ಸ್ವಾಗತಗೀತೆ ಕಿರುಚುತ್ತಿತ್ತು. ಅತಿಥಿಗಳ ಸುಳಿವಿಲ್ಲ. ಸೂಪರ್‌ವೈಸರಿಗೆ ಅದೇನೋ ಫೋನು ಬಂತು. ಮರುಕ್ಷಣ ಅವರು ಜನರಾಚೆ ನಿಂತು ಸೀಟಿಯಣ್ಣನತ್ತ ಕೂಗುತ್ತಾ ಕೈಬೀಸಿ, ಎರಡು ಬೆರಳು ತುಟಿಗಿಟ್ಟು, ಕೆನ್ನೆ ಉಬ್ಬಿಸಿ ಉಬ್ಬಿಸಿ ತೋರಿಸತೊಡಗಿದರು.

‘ನನ್ನನ್ನೇ ಅಣಕಿಸ್ತಿದಾರೆ. ಪರೀಕ್ಷೆ ಇದು!’ ಎಂದುಕೊಂಡ ಸೀಟಿಯಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ‘ಇಲ್ಲ ಸಾರ್’ ಎಂಬಂತೆ ತಲೆಯಾಡಿಸಿದ. ಅವರು ಕುಣಿದಷ್ಟೂ ಇವನು ಇನ್ನಷ್ಟು ನೆಟ್ಟಗೆ ನಿಂತ.

ಆಗ ತಲೆಯ ಮೇಲೆ ನೆರಳು ಬಿತ್ತು. ಧೂಳೆದ್ದಿತು, ಶಾಮಿಯಾನ ಪಟಪಟಿಸಿತು. ಈ ಗಾಳಿ ಅವನಿಗೆ ಗೊತ್ತಿಲ್ಲವೇ! ಕೈ ಜೇಬಿಗೆ ಹಾರಿತು. ಆದರೆ ಪಕ್ಕದಲ್ಲೇ ಕಾವಲು ನಿಂತಿದ್ದ ಹೆಂಡತಿ ಬಲಗೈ ಹಿಡಿದಳು, ಜ್ಯೂಸಿನವನು ಎಡಗೈಗೆ ಜೋತುಬಿದ್ದ. “ಬೇಡ ಅಣ್ಣಾ, ಕ್ವಾರ್ಟರ್ಸು!”

ಜನ ಮೇಲೆ ನೋಡಿ ಟಾಟಾ ಮಾಡಿದರು, ಫೋಟೊ ಹೊಡೆದರು. ಒಬ್ಬರೂ ಜಾಗ ಬಿಡಲಿಲ್ಲ. ಹೆಲಿಕಾಪ್ಟರ್ ಎರಡು ಸುತ್ತು ಹಾಕಿ ನದಿಯಾಚೆ ಹೊರಟೇಹೋಯಿತು.

ಸೂಪರ್‌ವೈಸರ್ ಓಡಿಬಂದು, ಅವನ ಕಿವಿಯಿಂದ ಹತ್ತಿಯನ್ನು ತಾವೇ ಕಿತ್ತೆಸೆದರು.

“ಟ್ರಾಫಿಕ್ಕಲ್ಲಿ ಕಾರು ಸಿಕ್ಕಿಹಾಕ್ಕೊಂಡು, ಆ ಹೆಲಿಕಾಪ್ಟರಲ್ಲೇ ಬಂದ್ರು ಕಣ್ರೀ ಅತಿಥಿಗಳು! ಊದಿ, ಜಾಗ ಖಾಲಿ ಮಾಡ್ಸಿ ಅಂತ ಗಂಟಲು ಹರ್ಕೊಂಡೆ. ಹದಿನೆಂಟು ವರ್ಷ ಊದಿದೋರು, ಬೇಕಾದಾಗ ಊದೋಕಾಗ್ಲಿಲ್ವಾ? ನಿಮ್ಮ ಆರ್ಡರೂ ಅವರ ಜೊತೇನೇ ಹಾರಿಹೋಯ್ತು!”

ಹೆಂಡತಿ ಮೆಲ್ಲಗೆ ಕೈ ಬಿಟ್ಟಳು. ಸೀಟಿಯಣ್ಣ ಖಾಲಿ ಆಕಾಶವನ್ನೊಮ್ಮೆ ನೋಡಿ, ಕಣ್ಣೊರೆಸಿಕೊಂಡು ಸೀಟಿ ಹೊರತೆಗೆದ.

“ಸಾರ್... ಈಗ ಊದ್ಲಾ?”

“ಮನೇಲಿ ಊದ್ಕೊಳಿ. ತಿಂಗಳ ಕೊನೆಗೆ ಅದನ್ನೂ ಖಾಲಿ ಮಾಡಿ!”